ಮೊದಲ ಗಂಡನ ಕಾರಿಗೆ ಹೊಸ ಬ್ರೇಕು

“ಪೆಡಲ್ ನಾಲ್ಕೈದು ಸಲ ತುಳಿ. ಹಾಂ, ಈಗ ಒತ್ತಿ ಹಿಡ್ಕೊಂಡೇ ಸ್ಟಾರ್ಟ್ ಮಾಡು,” ಎಂದು ಡ್ವೇನ್ ಬಾನೆಟ್ಟಿನ ಹಿಂದಿನಿಂದ ಕೂಗಿದ. ಲೊರೇನ್ ಕೀಲಿ ತಿರುಗಿಸಿದಳು. ಅರವತ್ತೇಳನೇ ಇಸವಿಯ ಶೆವೆಲ್ ಕಾರು ತಾಳ ತಪ್ಪಿದ ಡೋಲಿನ ಹಾಗೆ ಗುಡುಗುಡು, ಗುಡ್, ಗುಡುಗುಡು ಎನ್ನುತ್ತಾ ಎದ್ದಿತು. ಶೆಡ್ಡಿನ ತಗಡೆಲ್ಲ ನಡುಗಿತು.

“ಕಾಲಡಿ ಪೆಡಲ್ ಇಳೀತಾ? ಲೊರೇನ್! ಇಳೀತಾ?”

“ಇಲ್ಲ. ಕಲ್ಲು ತುಳಿದ ಹಾಗಿದೆ.”

ಇಷ್ಟು ಹೇಳಲು ಇಷ್ಟು ಹೊತ್ತೇಕೆ ಎಂದು ಡ್ವೇನ್ ಇಣುಕಿ ನೋಡಿದ. ಹೆಂಡತಿ ಸ್ಟೀರಿಂಗ್ ಹಿಡಿದು, ಕಣ್ಣು ಮುಚ್ಚಿಕೊಂಡು, ಎಂಜಿನ್ನಿನ ಸದ್ದು ಕೇಳುತ್ತಾ ಕೂತಿದ್ದಳು. ಅವನ ಹೊಟ್ಟೆಗೆ ಬೆಂಕಿ ಬಿತ್ತು. ಕಾರು ಅವಳ ಮೊದಲ ಗಂಡ ಎಮ್ಮೆಟ್‌ನದು. ಅವನು ತೀರಿಕೊಂಡ ಮೇಲೆ ಲೊರೇನಳ ಕೈಹಿಡಿದ ಡ್ವೇನ್ ಮನೆಯ ಬಣ್ಣ ಬದಲಾಯಿಸಿದ್ದ, ಮಂಚ ಬದಲಾಯಿಸಿದ್ದ. ಕಾರಿನಲ್ಲಿ ಮಾತ್ರ ತನ್ನದೆನ್ನಲು ಒಂದು ಬೋಲ್ಟೂ ಇರಲಿಲ್ಲ. ಹಳೆಯ ಡ್ರಮ್ ಬ್ರೇಕು ಕಿತ್ತು ಪವರ್ ಡಿಸ್ಕ್ ಬ್ರೇಕು ಹಾಕಿದ್ದು ಸುರಕ್ಷತೆಗೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಅದನ್ನು ಯಾರೂ ನಂಬಿರಲಿಲ್ಲ, ಅವನೂ ಕೂಡ.

ಈಗ ಆ ಬ್ರೇಕೇ ಕೈಕೊಟ್ಟಿತ್ತು. ಪಕ್ಕದ ಮನೆಯ ಗಸ್ ಬಂದು, ಎಂಜಿನ್ ಗಾಳಿ ಸೆಳೆಯುವ ಬಲ ಅಳೆಯುವ ಮೀಟರಿನ ಕೊಳವೆಯನ್ನು ಎಂಜಿನ್ನಿಗೆ ಸಿಕ್ಕಿಸಿದ. ಮುಳ್ಳು ನಡುಗುತ್ತಾ ಅರ್ಧಕ್ಕೂ ಬರದೆ ನಿಂತಿತು.

“ಬೂಸ್ಟರ್ ಚೆನ್ನಾಗೇ ಇದೆ ಮಾರಾಯ,” ಎಂದ ಗಸ್. “ನಿನ್ನ ಕಾಲಿನ ಜೊತೆ ಅದೂ ಬ್ರೇಕು ಒತ್ತಬೇಕು ಅಂದ್ರೆ ಎಂಜಿನ್ ಅದರೊಳಗಿನ ಗಾಳೀನ ಗಟ್ಟಿಯಾಗಿ ಸೆಳೀಬೇಕು. ಈ ಎಂಜಿನ್ ಒಳಗೆ ವಾಲ್ವ್ ತೆರೆದು ಮುಚ್ಚೋ ದಂಡ ಇದೆಯಲ್ಲ, ಅದು ರೇಸಿನ ಕ್ಯಾಮು. ಈ ಗುಡುಗುಡು ಅದರದ್ದೇ. ಹೀಗೆ ಗುಡುಗೋ ಎಂಜಿನ್ನಿಗೆ ಸೆಳೆತ ಕಮ್ಮಿ.” ಆಮೇಲೆ ನಗು ತಡೆಯಲಾರದೆ ಸೇರಿಸಿದ: “ಎಮ್ಮೆಟ್ ಸತ್ತ ಮೇಲೂ ನಿನ್ನ ಬ್ರೇಕು ಹಿಡಿಯೋಕೆ ಬಿಡ್ತಿಲ್ಲ ನೋಡು!”

“ಹಲ್ಲು ಕಿಸೀಬೇಡ. ಏನು ಮಾಡ್ಬೇಕು ಹೇಳು.”

“ಬೂಸ್ಟರಿಗೆ ಅಂತಲೇ ಗಾಳಿ ಸೆಳೆಯೋ ಒಂದು ಪುಟ್ಟ ಕರೆಂಟ್ ಪಂಪು ಕೂರಿಸು. ಎಂಜಿನ್ ಮುಟ್ಟೋದೇ ಬೇಡ. ಇಲ್ಲಾಂದ್ರೆ ಕ್ಯಾಮ್ ಬಿಚ್ಚಿ ಸಾಧು ಕ್ಯಾಮ್ ಹಾಕು. ಅದು ದೊಡ್ಡ ರಗಳೆ. ಸದ್ದೂ ಹೋಗುತ್ತೆ.”

“ಕ್ಯಾಮೇ ತೆಗೀತೀನಿ,” ಎಂದುಬಿಟ್ಟ ಡ್ವೇನ್. ಗಸ್ ಅವನ ಮುಖವನ್ನೊಮ್ಮೆ, ಕಾರಿನಲ್ಲಿದ್ದ ಲೊರೇನಳನ್ನೊಮ್ಮೆ ನೋಡಿ, ಒಲೆಯ ಮೇಲೆ ಏನೋ ಇಟ್ಟು ಬಂದವನಂತೆ ಮನೆಗೆ ಹೊರಟ.

ಡ್ವೇನ್ ಪಕ್ಕದ ಸೀಟಿನಲ್ಲಿ ಕೂತು, ಕೈ ಒರೆಸಲು ಬಟ್ಟೆ ಹುಡುಕುತ್ತಾ ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದ. ಹಳದಿಗಟ್ಟಿದ ಎರಡು ಹತ್ತಿಯುಂಡೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

“ಸದ್ದು ಹೋಗೇ ಹೋಗುತ್ತಾ?” ಎಂದು ಲೊರೇನ್ ಎಂಜಿನ್ ಆರಿಸಿ ಕೇಳಿದಳು.

“ಹೋಗಲಿ ಬಿಡು. ಜೀವಕ್ಕಿಂತ ಹೆಚ್ಚಾ ಆ ಸದ್ದು?”

“ಎಮ್ಮೆಟ್‌ನ ಸದ್ದು ಅಂತ ಬಾಯಿಬಿಟ್ಟು ಹೇಳು. ಯಾಕೆ ನುಂಗ್ತೀಯ?”

“ಹೌದು, ಅವನದ್ದೇ! ಕಾರು ಸ್ಟಾರ್ಟ್ ಆದ್ರೆ ಸಾಕು, ನೀನು ಕಣ್ಣು ಮುಚ್ಕೊಂಡು ಅವನ ಹತ್ರ ಹೋಗಿಬಿಡ್ತೀಯ. ನಾನು ಇಲ್ಲಿ ಸ್ಪ್ಯಾನರ್ ಹಿಡ್ಕೊಂಡು ಕುದೀತಿರ್ತೀನಿ.”

ಲೊರೇನ್ ಸಿಟ್ಟಾಗುವಳೆಂದು ಕಾದ. ಅವಳು ನಕ್ಕಳು.

“ಅಯ್ಯೋ ದಡ್ಡ, ಆ ಕ್ಯಾಮ್ ನನ್ನದು! ನನ್ನಪ್ಪ ಮಣ್ಣಿನ ಟ್ರ್ಯಾಕಲ್ಲಿ ರೇಸ್ ಓಡಿಸ್ತಿದ್ದ, ಈ ಗುಡುಗಲ್ಲೇ ಬೆಳೆದೋಳು ನಾನು. ಹಳೇ ಸಾಮಾನಿನ ಸಂತೆಯಲ್ಲಿ ಹುಡುಕಿ ತಂದು ನಾನೇ ಕೂರಿಸಿದೆ. ಎಮ್ಮೆಟ್ ಬರೀ ದೀಪ ಹಿಡ್ಕೊಂಡು ನಿಂತಿದ್ದ. ಅವನಿಗೆ ಈ ಸದ್ದು ಕಂಡ್ರೆ ಆಗ್ತಿರಲಿಲ್ಲ. ತಲೆ ಸಿಡಿಯೋದು ಪಾಪ.”

ಡ್ವೇನನ ಎದೆಯ ಮೇಲಿನ ಭಾರ ಇಳಿದಂತಾಯಿತು. “ಮತ್ತೆ ತೆಗೆಸಬಹುದಿತ್ತಲ್ಲ?”

“ನಾನು ಈ ಸದ್ದು ಕೇಳಿ ಖುಷಿಪಡ್ತಿದ್ದೆನಲ್ಲ! ಸಾಯೋವರೆಗೂ ಅವನು ಒಂದು ದಿನವೂ ತೆಗಿ ಅನ್ನಲಿಲ್ಲ. ಕಿವಿಗೆ ಹತ್ತಿ ತುರುಕ್ಕೊಂಡು ನಗ್ತಾ ಪಕ್ಕದಲ್ಲಿ ಕೂತ್ಕೊಳ್ತಿದ್ದ.”

ಇಳಿದ ಭಾರ ಇಮ್ಮಡಿಯಾಗಿ ವಾಪಸು ಬಂತು. ಸದ್ದು ಎಮ್ಮೆಟ್‌ನದೇ ಆಗಿದ್ದರೆ ಎಷ್ಟೋ ವಾಸಿಯಿತ್ತು. ಸದ್ದನ್ನು ಬಿಚ್ಚಿ ಎಸೆಯಬಹುದು. ಈ ಹತ್ತಿಯನ್ನು ಏನು ಮಾಡುವುದು ಎಂದು ಡ್ವೇನನಿಗೆ ತಿಳಿಯಲಿಲ್ಲ.

ಮುಂದಿನ ಶನಿವಾರದ ಹೊತ್ತಿಗೆ ಬೂಸ್ಟರಿನ ಪಕ್ಕದಲ್ಲಿ ಪಂಪು ಕೂತಿತ್ತು. ಕಾರು ಎಂದಿನಂತೆ ಗುಡುಗಿತು. “ಇಳೀತು! ಬೆಣ್ಣೆ ತುಳಿದ ಹಾಗಿದೆ!” ಎಂದು ಲೊರೇನ್ ಸೀಟಿನಲ್ಲೇ ಕುಣಿದಳು. ಹಳೇ ಕಾರಿನವರೆಲ್ಲ ಸೇರುವ ಬರ್ಗರ್ ಅಂಗಡಿಯವರೆಗೆ, ಮೆಕ್ಕೆಜೋಳದ ಹೊಲಗಳ ನಡುವೆ, ಅವಳೇ ಓಡಿಸಿದಳು. ಅರ್ಧ ದಾರಿಗೆ ಡ್ವೇನನ ತಲೆ ಸಿಡಿಯತೊಡಗಿತು. ಅವನು ಡಬ್ಬಿ ತೆರೆದು, ಆ ಎರಡು ಹತ್ತಿಯುಂಡೆಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ಕಿಟಕಿಯಾಚೆ ಎಸೆದ. ಆಮೇಲೆ ಹಲ್ಲು ಕಚ್ಚಿಕೊಂಡು, ಎರಡೂ ಕಿವಿ ತೆರೆದು ಕೂತು ಕೂಗಿದ:

“ಇನ್ನೂ ಜೋರಾಗಿ ಗುಡುಗಿಸು!”