ಭೂತಪ್ಪನವರ ಬೀಳ್ಕೊಡುಗೆ ಸಿ.ಡಿ.

ಬೆಲ್ ಒತ್ತಿ ಒತ್ತಿ ಶಿವಯೋಗಿಯ ಹೆಬ್ಬೆರಳು ನೊಂದಿತು. ಒಳಗಿಂದ ಯಾರೂ ಬರಲಿಲ್ಲ. ಬೆಲ್ ಕೆಟ್ಟಿದೆ ಎಂದು ತೀರ್ಮಾನಿಸಿದ. ತೀರ್ಮಾನಕ್ಕೆ ಬರುವುದರಲ್ಲಿ ಅವನದು ಎತ್ತಿದ ಕೈ. ಸ್ವಿಚ್ ಬಿಚ್ಚಿ, ತಂತಿ ಕೆರೆದು, ಮತ್ತೆ ತಿರುಪು ಬಿಗಿಯುತ್ತಿರುವಾಗ ಉಚ್ಚಂಗಮ್ಮ ಗಿಡಕ್ಕೆ ನೀರು ಹಾಕಲು ಹೊರಗೆ ಬಂದರು.

"ನಿಮ್ಮ ಬೆಲ್ ಕೆಟ್ಟಿತ್ತಮ್ಮ. ಸರಿ ಮಾಡಿದೀನಿ."

"ಕೆಟ್ಟಿತ್ತಾ? ನಂಗೆ ಗೊತ್ತೇ ಆಗಿರ್ಲಿಲ್ಲ ನೋಡು."

ಶಿವಯೋಗಿ ಶಿವಮೊಗ್ಗದ ದುರ್ಗಿಗುಡಿಯ ಕಂಪ್ಯೂಟರ್ ಅಂಗಡಿಯೊಂದರ ರಿಪೇರಿಯವನು. ಮೂರು ತಿಂಗಳ ಕೋರ್ಸು ಮುಗಿಸಿ, ವಿಸಿಟಿಂಗ್ ಕಾರ್ಡಿನ ಮೇಲೆ 'ಕಂಪ್ಯೂಟರ್ ಡಾಕ್ಟರ್' ಎಂದು ಅಚ್ಚು ಹಾಕಿಸಿಕೊಂಡಿದ್ದ. ರೋಗಿಯ ಮಾತು ಕೇಳದೆ ಮದ್ದು ಕೊಡುವ ಡಾಕ್ಟರ್ ಎಂದು ಆಮೇಲೆ ತಾನೇ ಹೇಳಿಕೊಂಡು ನಗುತ್ತಿದ್ದ. ಆಗ ಮಾತ್ರ ನಗು ಬಂದಿರಲಿಲ್ಲ.

ಉಚ್ಚಂಗಮ್ಮನ ಗಂಡ ಭೂತಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ, ರೋಲಿಂಗ್ ಮಿಲ್ಲಿನಲ್ಲಿ, ಮೂವತ್ತು ವರ್ಷ ದುಡಿದವರು. ಬೀಳ್ಕೊಡುಗೆಯ ದಿನ ಹೆಂಡತಿಗೆ ಜ್ವರ; ಸಮಾರಂಭಕ್ಕೆ ಹೋಗಲಾಗಲಿಲ್ಲ. ಅದಾಗಿ ಎರಡೇ ತಿಂಗಳಿಗೆ ಭೂತಪ್ಪ ತೀರಿಕೊಂಡರು. ವೇದಿಕೆಯ ಮೇಲೆ ಹೆಂಡತಿಯ ಬಗ್ಗೆ ಏನೋ ಹೇಳಿದರಂತೆ, ಜತೆಗಾರರೆಲ್ಲ ಕಣ್ಣೊರೆಸಿಕೊಂಡರಂತೆ. ಏನೆಂದು ಅವರು ಹೇಳಲು ಬಂದರೆ ಉಚ್ಚಂಗಮ್ಮ ಕೈ ಅಡ್ಡ ಹಿಡಿಯುತ್ತಿದ್ದರು. ಆ ಮಾತು ಗಂಡನ ಬಾಯಿಂದಲೇ ತಿಳಿಯಬೇಕು. ವಿಡಿಯೊದವರು ಕೊಟ್ಟ ಸಿ.ಡಿ. ಇತ್ತು. ಅದಕ್ಕೆಂದೇ ತಮ್ಮನ ಮಗ ತನ್ನ ಹಳೇ ಕಂಪ್ಯೂಟರನ್ನು ಭದ್ರಾವತಿ ನ್ಯೂ ಟೌನಿನ ಈ ಮನೆಗೆ ತಂದಿಟ್ಟು ಹೋಗಿದ್ದ.

"ಅವರು ಬಾಯಿ ತೆಗೀತಾರೆ, ಹಾಗೇ ನಿಂತುಬಿಡ್ತಾರೆ," ಎಂದರು ಉಚ್ಚಂಗಮ್ಮ. "ಮಾತೆಲ್ಲ ತುಂಡು ತುಂಡು. ಒಂದೂ ತಿಳಿಯಲ್ಲ ಮಾರಾಯ."

ಶಿವಯೋಗಿ ಸಿ.ಡಿ. ಹಾಕಿದ. ಚಿತ್ರ ಕುಂಟಿತು, ಧ್ವನಿ ಬಿಕ್ಕಿತು. ಎರಡನ್ನೂ ಒಟ್ಟಿಗೆ ಹೊರುವ ತ್ರಾಣ ಆ ಮುದಿ ಯಂತ್ರಕ್ಕಿಲ್ಲ. ಭಾಷಣಕ್ಕೆ ಮುಖ್ಯ ಧ್ವನಿ. ಚಿತ್ರವನ್ನು ಬೆಂಕಿಪೊಟ್ಟಣದಷ್ಟಕ್ಕೆ ಇಳಿಸಿದ. ಧ್ವನಿ ಗಂಟೆ ಹೊಡೆದಂತೆ ಬಂತು.

"ಮುಖಾನೇ ಚಿಕ್ಕದಾಯ್ತಲ್ಲಪ್ಪ."

"ಮುಖ ಫೋಟೋದಲ್ಲೂ ಇದೆಯಲ್ಲಮ್ಮ. ನಿಮಗೆ ಬೇಕಾಗಿರೋದು ಮಾತು ತಾನೆ?"

"ಹೌದಪ್ಪ, ಮಾತೇ," ಎಂದು ಅವರು ನಿಟ್ಟುಸಿರು ಬಿಟ್ಟರು. ಶಿವಯೋಗಿ ಅದನ್ನು ಸಮಾಧಾನದ ಉಸಿರೆಂದುಕೊಂಡ.

ವಾರದಲ್ಲೇ ಪಕ್ಕದ ಮನೆಯ ತನುಜಾ ಅಂಗಡಿಗೆ ಫೋನ್ ಮಾಡಿದಳು. ಉಚ್ಚಂಗಮ್ಮನಿಗೆ ಇನ್ನೂ ಏನೂ ತಿಳಿಯುತ್ತಿಲ್ಲವಂತೆ. ಶಿವಯೋಗಿ ಮತ್ತೆ ಬಸ್ಸು ಹತ್ತಿದ. ಧ್ವನಿ ಹೊರಡಿಸುವ ಸೌಂಡ್ ಕಾರ್ಡಿಗೆ ಹೊಸ ಡ್ರೈವರ್ ಹಾಕಿದ. ಮೇಜಿನಡಿ ತೂರಿ, ದೊಡ್ಡ ಸ್ಪೀಕರ್ ಜೋಡಿಸುತ್ತ, ಧ್ವನಿವಿಜ್ಞಾನದ ಬಗ್ಗೆ ಅಲ್ಲಿಂದಲೇ ಹತ್ತು ನಿಮಿಷ ಕೊರೆದ. ಉಚ್ಚಂಗಮ್ಮ ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ವಿದ್ಯೆಗೆ ಕೊಡುವ ಗೌರವ ಎಂದುಕೊಂಡ.

ಕಿಟಕಿಯ ಗಾಜು ಅದುರುವಂತೆ ಭಾಷಣ ಮೊಳಗಿತು. ಅವನು ಧ್ವನಿ ಒಡೆಯುತ್ತಿದೆಯೇ ಎಂದಷ್ಟೇ ಕೇಳಿದ. ಭೂತಪ್ಪ ಹೇಳಿದ್ದೇನೆಂದು ಕೇಳಲಿಲ್ಲ. ರಿಪೇರಿಯವರ ಕಿವಿಗೆ ಅಂಟಿದ ಜಾಡ್ಯ ಅದು.

"ಆ ಮನೇಲಿ ಯಾರಿಗಪ್ಪ ಅಷ್ಟು ಜೋರು?" ಕಾಂಪೌಂಡಿನಾಚೆಯಿಂದ ತನುಜಾ ಕೂಗಿದಳು. ಶಿವಯೋಗಿ ಎದ್ದು ಕಿಟಕಿ ಮುಚ್ಚಿದ.

ಉಚ್ಚಂಗಮ್ಮ ಇಲ್ಲವೆಂಬಂತೆ ತಲೆಯಾಡಿಸಿದರು. ಕಾಫಿ ಕೊಡುತ್ತ ಸುಮ್ಮನೆ ಮಾತು ತೆಗೆದರು. "ಮಿಲ್ಲಲ್ಲಿ ಏನು ಕೂಗಿದ್ರೂ ಕೇಳ್ತಿರ್ಲಿಲ್ಲವಂತೆ. ಒಬ್ಬರ ತುಟಿ ಒಬ್ಬರು ನೋಡೇ ಕೆಲಸ ಮಾಡ್ತಿದ್ರಂತೆ. ಅವರಿಗೆ ಮನೇಲೂ ಅದೇ ಅಭ್ಯಾಸ." ಶಿವಯೋಗಿ ಸ್ಪೀಕರಿನ ಕಡೆ ನೋಡುತ್ತ "ಹೂಂ" ಎಂದ.

ಮೂರನೇ ಸಲ ಹೊರಟಾಗ ಅಂಗಡಿಯ ಯಜಮಾನ ಚಂದ್ರಶೇಖರಪ್ಪ ತಲೆಯೆತ್ತದೆ ಹೇಳಿದರು: "ಈ ಸಲಾನೂ ಆಗದಿದ್ರೆ ಕಾರ್ಡಲ್ಲಿರೋ ಡಾಕ್ಟರ್ ಅನ್ನೋದನ್ನ ಹೊಡೆದುಹಾಕು ಮಾರಾಯ."

ಉಚ್ಚಂಗಮ್ಮ ಮೊರದಲ್ಲಿ ಕಡಲೆಬೇಳೆ ಆರಿಸುತ್ತ ಕೂತಿದ್ದರು. "ನಾಳೆ ಅವರ ವರ್ಷದ ತಿಥಿ ಕಣಪ್ಪ. ಎಡೆ ಇಡೋಕೆ ಮೊದಲು ಆ ಮಾತು ತಿಳ್ಕೊಂಡಿರ್ಬೇಕು ಅಂತ ಆಸೆ."

ಶಿವಯೋಗಿಗೆ ನಾಚಿಕೆಯಾಯಿತು. ಮುದುಕಿಯ ಒಂದು ಆಸೆ ತೀರಿಸಲಾಗದ ತನ್ನ ವಿದ್ಯೆಯ ಮೇಲೆ ಸಿಟ್ಟೂ ಬಂತು. ಪೆಟ್ಟಿಗೆ ಬಿಚ್ಚಿ ಧೂಳು ಊದಿದ. ತಾನು ಮಾಡಿದ್ದ ಬದಲಾವಣೆಗಳನ್ನೆಲ್ಲ ಅಳಿಸಿ ಚಿತ್ರವನ್ನು ಮೊದಲಿನ ಅಳತೆಗೆ ತಂದ. ಅನುಮಾನವಿದ್ದ ಭಾಗವೊಂದನ್ನು ಕಿತ್ತ. ಹೊಸದನ್ನು ಹಾಕುವ ಮೊದಲು ಉಳಿದದ್ದು ನೆಟ್ಟಗಿದೆಯೇ ನೋಡೋಣವೆಂದು ಸಿ.ಡಿ. ಓಡಿಸಿದ.

ಭೂತಪ್ಪನವರ ಮುಖ ತೆರೆಯ ತುಂಬ ಬಂತು. ಒಮ್ಮೆಯೂ ಕುಂಟಲಿಲ್ಲ. ಉಚ್ಚಂಗಮ್ಮ ಮೊರ ಬದಿಗಿಟ್ಟು ಹತ್ತಿರ ಬಂದರು.

"ಈಗ ಬಂತು ನೋಡು," ಎಂದರು. "ಈಗ ತಿಳೀತಿದೆ."

ಮೇಷ್ಟರ ಹಿಂದೆ ಮಗ್ಗಿ ಹೇಳುವ ಮಗುವಿನಂತೆ ಗಂಡನ ಹಿಂದೆಯೇ ಹೇಳುತ್ತ ಹೋದರು: "ನಮ್ಮನೆಯೋಳಿಗೆ ಇವತ್ತು ಜ್ವರ. ಬಂದಿದ್ದಿದ್ರೆ, ನೀವು ಇಷ್ಟು ಗದ್ದಲ ಮಾಡ್ತಿದ್ರೂ ನನ್ನ ಮಾತು ಪೂರ್ತಿ ತಿಳೀತಿದ್ದಿದ್ದು ಅವಳೊಬ್ಬಳಿಗೇ. ಮೂವತ್ತು ವರ್ಷ ಮಿಲ್ಲಿಗೆ ಮುಖ ಕೊಟ್ಟೆ. ಇನ್ನು ಅವಳ ಎದುರಿಗೇ ಕೂತು ಮಾತಾಡ್ತೀನಿ."

ಸೆರಗಿನಿಂದ ಕಣ್ಣೊರೆಸಿಕೊಂಡರು. "ಎರಡೇ ತಿಂಗಳು ಮಾತಾಡಿದ್ರು," ಎಂದು ಅಳುತ್ತಲೇ ನಕ್ಕರು. ಆಮೇಲೆ ಶಿವಯೋಗಿಯ ಮುಖ ನೋಡಿ ಹೇಳಿದರು: "ನೀನು ಡಾಕ್ಟರೇ ಕಣಪ್ಪ."

ಶಿವಯೋಗಿ ಬಾಯಿ ತೆರೆದವನು ಹಾಗೇ ನಿಂತುಬಿಟ್ಟಿದ್ದ. ಕಂಪ್ಯೂಟರಿನಿಂದ ಕಿತ್ತ ಸೌಂಡ್ ಕಾರ್ಡ್ ಇನ್ನೂ ಅವನ ಕೈಯಲ್ಲೇ ಇತ್ತು.