ನಲವತ್ತೆರಡನೆಯ ವಾಚು

ವಾಚು ಕಂಪನಿಯೊಂದರ ಶತಮಾನೋತ್ಸವದ ನೆನಪಿಗೆಂದು ತಯಾರಾದ ವಾಚುಗಳು ನೂರೇ ನೂರು. ಒಂದಕ್ಕೂ ಇನ್ನೊಂದಕ್ಕೂ ಇದ್ದ ವ್ಯತ್ಯಾಸ ಹಿಂದಿನ ಮುಚ್ಚಳದ ಮೇಲೆ ಕೆತ್ತಿದ ಸಂಖ್ಯೆಯೊಂದೇ. ನಲವತ್ತೊಂದು ಚಿದಂಬರನದು, ನಲವತ್ತೆರಡು ಅವನ ಗೆಳೆಯ ಸೇತೂರಾಮನದು. ಇಂಥ ವಾಚನ್ನು ಸಂಗ್ರಹಕಾರರು ಕಟ್ಟಿಕೊಳ್ಳುವುದಿಲ್ಲ, ಕೀಲಿ ಕೂಡ ಕೊಡುವುದಿಲ್ಲ. ಪೆಟ್ಟಿಗೆ ತೆರೆದು ನೋಡಿ ಮತ್ತೆ ಮುಚ್ಚಿಡುತ್ತಾರೆ.

ಚಿದಂಬರ ಆಸೆ ತಡೆಯಲಾರದೆ ಮಗಳ ಮದುವೆಯಲ್ಲಿ ಕಟ್ಟಿಕೊಂಡ. ಧಾರೆಯ ನೀರು ಒಳಗಿಳಿದು ವಾಚು ನಿಂತುಹೋಯಿತು.

ಮರುತಿಂಗಳು ಸೇತೂರಾಮ ಆಪರೇಷನ್ನಿಗೆ ಹೊರಟಾಗ ತನ್ನ ವಾಚನ್ನು ತಂದುಕೊಟ್ಟ. "ನಿನ್ನ ಹತ್ರಾನೇ ಇರ್ಲಿ ಕಣೋ. ನಿನ್ನಷ್ಟು ಜೋಪಾನ ಯಾರು ಮಾಡ್ತಾರೆ?"

ಚಿದಂಬರ ಬಾಗಿಲು ಹಾಕಿಕೊಂಡು ಎರಡೂ ವಾಚುಗಳ ಮುಚ್ಚಳ ಬಿಚ್ಚಿ ಅದಲುಬದಲು ಮಾಡಿದ. ನಿಂತ ವಾಚು ನಲವತ್ತೆರಡಾಗಿ ಗೆಳೆಯನ ಮನೆಗೆ ಮರಳಿತು.

ಅದಾಗಿ ಒಂಬತ್ತು ವರ್ಷ. ಸೇತೂರಾಮ ಮನೆಗೆ ಬಂದಾಗಲೆಲ್ಲ ಚಿದಂಬರನಿಗೆ ವಾಚಿಟ್ಟ ಬೀರುವಿನ ಬೀಗದ ಕೈ ಸಿಗುವುದಿಲ್ಲ. ಕಾಫಿ ಕೊಡುವಾಗಲೂ ಅವನ ಮುಖ ನೋಡುವುದಿಲ್ಲ.

ಚಿದಂಬರನ ಅರವತ್ತರ ಶಾಂತಿಯ ದಿನ ಸೇತೂರಾಮ ತನ್ನ ವಾಚಿನ ಪೆಟ್ಟಿಗೆಯನ್ನೇ ತಂದು ಅವನ ಕೈಗಿಟ್ಟ.

"ಬೇಡ ಕಣೋ." ಚಿದಂಬರ ಪೆಟ್ಟಿಗೆಯನ್ನು ಹಿಂದಕ್ಕೆ ಚಾಚಿದ. "ನಿನ್ನ ವಾಚನ್ನ ನಾನು ಹೇಗೆ ತಗೊಳ್ಳಲಿ?"

"ಮದ್ವೇಲಿ ಧಾರೆ ನೀರು ನಿನ್ನ ಕೈಮೇಲೆ ಬಿದ್ದಾಗ ಪಕ್ಕದಲ್ಲೇ ನಿಂತಿದ್ದೆ" ಎಂದ ಸೇತೂರಾಮ. "ಇದ್ರಲ್ಲಿ ನಂದು ಅಂತ ಇರೋದು ಮುಚ್ಚಳ ಒಂದೇ. ಅದನ್ನ ಬಿಚ್ಚಿ ಕೊಡು."