ಒಂದೂ ಚುಕ್ಕೆ ಇಲ್ಲದ ನೆಗೆಟಿವ್

ವಿಮಾನಪುರದ ಫಿಟ್ಟರ್ ಸಂಜೀವಪ್ಪನವರು ತಾವು ತೊಳೆಯಲು ಕೊಟ್ಟಿದ್ದ ರೋಲಿನ ನೆಗೆಟಿವನ್ನು ಫೋಟೋ ಸ್ಟುಡಿಯೋದ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರು. ತಿರುಗಿಸಿ ಇನ್ನೊಮ್ಮೆ ನೋಡಿದರು. ಕೌಂಟರಿನ ಹಿಂದೆ ನಿಂತ ಭೀಮಬಾಯಿ ಅವರ ಮುಖವನ್ನೇ ಗಮನಿಸುತ್ತಿದ್ದಳು. ಕಪ್ಪು-ಬಿಳುಪು ನೆಗೆಟಿವ್‌ಗಳ ಮೇಲಿನ ಕಲೆಗಳನ್ನು ಬ್ಲೇಡಿನ ಮೊನೆಯಿಂದ ಕೆರೆದು ತೆಗೆಯುವುದು ಅವಳ ಕೆಲಸ. ಶಿವಾಜಿನಗರದಲ್ಲೇ ಅಂಥ ಕೈ ಇಲ್ಲವೆಂದು ಮಾಲೀಕರು ಗಿರಾಕಿಗಳ ಮುಂದೆ ಹೊಗಳುತ್ತಿದ್ದರು. ಇವರೂ ಒಂದು ಒಳ್ಳೆಯ ಮಾತು ಆಡಬಹುದೆಂದು ಅವಳು ಕಾದಿದ್ದಳು.

"ನಡುವೆ ಹೊಗೆ ಥರ ಏನೂ ಇರ್ಲಿಲ್ವಾಮ್ಮ?"

"ಇತ್ರಿ ಸರ್, ದೊಡ್ಡ ಕಪ್ಪು ಕಲಿ. ಸುತ್ತ ಸಾಸಿವಿಯಂಥ ಚುಕ್ಕಿ ಬ್ಯಾರೆ. ಎಲ್ಲಾ ತೆಗಿಲಿಕ್ಕೆ ಎರಡು ತಾಸು ಹಿಡೀತ್ರಿ."

ಸಂಜೀವಪ್ಪನವರು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. "ಅದು ಕಲೆಯಲ್ಲಮ್ಮ, ನೀಹಾರಿಕೆ. ನಕ್ಷತ್ರಗಳ ಮಧ್ಯೆ ಹೊಳೆಯೋ ಮೋಡ. ನೆಗೆಟಿವ್ ಅಲ್ವಾ, ಬೆಳಕೇ ಕಪ್ಪಾಗಿ ಬಿದ್ದಿತ್ತು. ಸುತ್ತ ಇದ್ದಿದ್ದು ನಕ್ಷತ್ರಗಳು. ಹೊಸಕೋಟೆ ಆಚೆ ಹೊಲದಲ್ಲಿ ಕ್ಯಾಮೆರಾದ ಶಟರ್ ತೆರೆದಿಟ್ಟು, ನಕ್ಷತ್ರ ಸರಿದ ಹಾಗೆ ಅದನ್ನ ಕೈಯಲ್ಲೇ ತಿರುಗಿಸ್ತಾ ಒಂದು ಗಂಟೆ ಕೂತಿದ್ದೆ. ಮೂರು ವರ್ಷದಿಂದ ಪ್ರಯತ್ನ ಮಾಡ್ತಿದ್ದೀನಿ. ಈ ಸಲ ಮಾತ್ರ ಕೈ ಒಂಚೂರೂ ನಡುಗಿರ್ಲಿಲ್ಲ."

ಬೆಳಿಗ್ಗೆ ನೆಗೆಟಿವ್ ಮೇಲಿಂದ ಉಫ್ ಎಂದು ಊದಿ ಹಾರಿಸಿದ ಕಪ್ಪು ಪುಡಿ ಭೀಮಬಾಯಿಯ ಕಣ್ಣೆದುರು ಬಂತು. ಬೈಗುಳಕ್ಕಾಗಿ ತಲೆ ತಗ್ಗಿಸಿ ನಿಂತಳು.

ಅವರು ಬೈಯಲಿಲ್ಲ. "ಬರೀ ಕಣ್ಣಿಗೆ ಅದು ಕಾಣಲ್ಲ. ರೋಲ್ ತೊಳೆದ ಮೇಲೇ ನೋಡ್ಬೇಕು ಅಂತಿದ್ದೆ. ನೋಡಿದೋಳು ನೀನೊಬ್ಬಳೇ. ಹೇಗಿತ್ತಮ್ಮ?"

ಅದರ ಒಂದೊಂದು ಅಂಚಿನ ಮೇಲೂ ಬ್ಲೇಡು ಆಡಿಸಿದ್ದ ಭೀಮಬಾಯಿ ಪೆನ್ಸಿಲ್ ಎತ್ತಿಕೊಂಡು, ಬಿಲ್ಲಿನ ಹಿಂಬದಿಯಲ್ಲಿ ಅದರ ಆಕಾರ ಬರೆಯತೊಡಗಿದಳು.